ಕಾವೇರಿಯ ಋತುಚರ್ಯೆಯೂ ಗೂನುಬೆನ್ನಿನ ಮಹಶೀರ್ ಮೀನೂ

ಮಂಡ್ಯದ ಸೀಮೆಯ ಚರಿತ್ರೆಯೆಂದೊಡನೆ ಶ್ರೀರಂಗಪಟ್ಟಣದ ಕೋಟೆಯೂ, ಹೊಯ್ಸಳರ ಗುಡಿಗಳೂ, ಕನ್ನಂಬಾಡಿಯ ಕಟ್ಟೆಯೂ ವಾಚಕರ ಮನಸ್ಸಿಗೆ ಬರುವುದು ಸಹಜ. ಅರಸರು ಆಳಿ ಅಳಿದ ಕಥೆಗೆ ಶಾಸನಗಳು ಸಾಕ್ಷಿಯಾಗಿ ನಿಂತಿವೆ. ಆದರೆ ಆ ಅರಸರೆಲ್ಲರಿಗಿಂತಲೂ ಮೊದಲು ಈ ಸೀಮೆಯ ನೀರಿನಲ್ಲಿ ಬಾಳಿ, ಅವರೆಲ್ಲರ ಕಾಲದಲ್ಲಿಯೂ ಬಾಳಿ, ಈಗ ನಮ್ಮ ಕಾಲದಲ್ಲಿ ಕಣ್ಮರೆಯಾಗುತ್ತಿರುವ ಒಂದು ಜೀವಿಗೆ ಶಾಸನವಿಲ್ಲ. ಅದು ಕಾವೇರಿಯ ಗೂನುಬೆನ್ನಿನ ಮಹಶೀರ್ ಮೀನು. ಅದರ ಚರಿತ್ರೆ ಗಾಳ ಹಾಕುವವರ ಬಾಯಲ್ಲಿಯೂ, ಅವರು ಬರೆದಿಟ್ಟ ತೂಕದ ಪಟ್ಟಿಗಳಲ್ಲಿಯೂ, ನದಿಯ ಋತುಮಾನದಲ್ಲಿಯೂ ಹರಡಿಕೊಂಡಿದೆ. ಅದನ್ನು ಒಂದೆಡೆ ಕೂಡಿಸಿ ನೋಡುವುದು ವ್ಯರ್ಥವಾಗಲಾರದು.

ಮೊದಲು ಸ್ಥಳದ ವಿಚಾರ. ಮಳವಳ್ಳಿ ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿ ಕಾವೇರಿಯು ಶಿವನಸಮುದ್ರದ ದ್ವೀಪವನ್ನು ತಬ್ಬಿ ಎರಡಾಗಿ ಸೀಳುವುದು. ಮಳವಳ್ಳಿಯ ಕಡೆಯ ಕವಲು ಗಗನಚುಕ್ಕಿಯಾಗಿಯೂ, ಕೊಳ್ಳೇಗಾಲದ ಕಡೆಯ ಕವಲು ಭರಚುಕ್ಕಿಯಾಗಿಯೂ ಸುಮಾರು ಮುನ್ನೂರು ಅಡಿ ಕೆಳಕ್ಕೆ ಧುಮುಕಿ ಮತ್ತೆ ಒಂದಾಗುವುವು. ಅಲ್ಲಿಂದ ಮುಂದೆ ನದಿ ಬಯಲನ್ನು ಬಿಟ್ಟು ಕಾಡು ಬೆಟ್ಟಗಳ ನಡುವೆ ಇಕ್ಕಟ್ಟಾಗಿ ಹರಿಯುತ್ತದೆ. ಮದ್ದೂರಿನ ಮಗ್ಗುಲಲ್ಲಿ ಹರಿದು ಬಂದ ಶಿಂಷಾ ನದಿಯು ಇಲ್ಲಿಯೇ ಕಾವೇರಿಯನ್ನು ಸೇರುವುದು. ಬಳಿಕ ದೊಡ್ಡಮಾಕಳಿ, ಭೀಮೇಶ್ವರಿ, ಮುತ್ತತ್ತಿ. ಅವನ್ನು ದಾಟಿದರೆ ಗಾಳಿಬೋರೆ, ಅರ್ಕಾವತಿಯ ಸಂಗಮ, ಕೊನೆಗೆ ಮೇಕೆದಾಟು. ಬಂಡೆ, ಬಂಡೆಯ ನಡುವೆ ನೊರೆಯೆದ್ದ ರಭಸದ ಹರಿವು, ಹರಿವಿನ ಕೆಳಗೆ ಆಳವಾದ ಮಡು, ಮಡುವಿನಾಚೆ ಮತ್ತೆ ಬಂಡೆ. ಈ ಕ್ರಮವೇ ಇಲ್ಲಿನ ನದಿಯ ಸ್ವರೂಪ. ಇದೇ ಆ ಮೀನಿನ ಮನೆ. ಸೀತಾದೇವಿಯ ಮುತ್ತಿನ ಒಡವೆ ಈ ನೀರಿನಲ್ಲಿ ಬಿದ್ದಾಗ ಆಂಜನೇಯನು ಬಾಲದಿಂದ ಮಡುವನ್ನು ಕಲಕಿ ಅದನ್ನು ಎತ್ತಿಕೊಟ್ಟನೆಂದೂ, ಆದುದರಿಂದ ಅವನು ಮುತ್ತೆತ್ತರಾಯನಾದನೆಂದೂ ಮುತ್ತತ್ತಿಯ ಸ್ಥಳಪುರಾಣ. ಮಡುವಿನ ಆಳವನ್ನು ಕಂಡವರಿಗೆ ಆ ಕಥೆ ಹುಟ್ಟಿದ್ದು ಆಶ್ಚರ್ಯವೆನಿಸುವುದಿಲ್ಲ.

ಮಹಶೀರ್ ಎಂಬುದು ಉತ್ತರದೇಶದಿಂದ ಬಂದ ಹೆಸರು. ಮಹಾಶಿರಸ್ ಎಂಬ ಸಂಸ್ಕೃತ ಪದದ ತದ್ಭವವೆಂದು ಕೆಲವರೂ, ಮೀನು ಎಂಬರ್ಥದ ಮಾಹಿ ಮತ್ತು ಸಿಂಹವೆಂಬರ್ಥದ ಶೇರ್ ಎಂಬ ಪಾರಸಿಯ ಪದಗಳ ಸಮಾಸವೆಂದು ಕೆಲವರೂ ಹೇಳುವರು. ವ್ಯುತ್ಪತ್ತಿ ಯಾವುದಾದರೂ ಆಗಲಿ, ಎರಡೂ ಈ ಮೀನಿಗೆ ಒಪ್ಪುವುವು. ರೋಹು, ಕಟ್ಲಾಗಳ ಬಂಧುವೇ ಆದರೂ ಇದು ಕೆರೆಯ ನಿಂತ ನೀರಿನ ಜೀವಿಯಲ್ಲ, ಹರಿಯುವ ಹೊಳೆಯದು. ತುಟಿಯ ಬಳಿ ಎರಡು ಜೊತೆ ಮೀಸೆ. ಮೈಮೇಲೆ ದೊಡ್ಡ ದೊಡ್ಡ ಹುರುಪೆ. ಬಾಯಲ್ಲಿ ಹಲ್ಲಿಲ್ಲದಿದ್ದರೂ ಗಂಟಲಿನೊಳಗೆ ಏಡಿಯ ಚಿಪ್ಪನ್ನು ಪುಡಿಗುಟ್ಟುವ ಹಲ್ಲು. ಏಡಿ, ಸಣ್ಣ ಮೀನು, ದಡದ ಮರಗಳಿಂದ ಉದುರಿದ ಹಣ್ಣು, ಎಲ್ಲವೂ ಅದಕ್ಕೆ ಆಹಾರ. ಕಾವೇರಿಯ ಜಾತಿಗೆ ಇವುಗಳ ಮೇಲೆ ಇನ್ನೊಂದು ವಿಶೇಷ ಉಂಟು. ತಲೆಯ ಹಿಂದೆ ಬೆನ್ನು ಗೂನಿನಂತೆ ಎದ್ದಿರುವುದು. ಬಾಲವೂ ರೆಕ್ಕೆಗಳೂ ಕಿತ್ತಳೆಯ ಬಣ್ಣಕ್ಕೆ ತಿರುಗಿರುವುವು. ಗಾತ್ರದಲ್ಲಿ ಜಗತ್ತಿನ ಮಹಶೀರ್‌ಗಳಲ್ಲೆಲ್ಲ ಇದಕ್ಕೇ ಮೊದಲ ಪಂಕ್ತಿ.

ಈ ಮೀನಿನ ಬಾಳುವೆ ಪಂಚಾಂಗದ ಮಳೆನಕ್ಷತ್ರಗಳನ್ನು ಅನುಸರಿಸಿ ನಡೆಯುವಂತಹದು. ಮೃಗಶಿರೆಯು ಹುಟ್ಟುವ ಜೂನ್ ತಿಂಗಳ ಮೊದಲ ವಾರದವರೆಗೆ ಹೊಳೆ ಬಡಕಲಾಗಿ ಹರಿಯುವುದು. ಬಂಡೆಗಳು ಎಲುಬಿನಂತೆ ಎದ್ದು ಕಾಣುವುವು. ದೊಡ್ಡ ಮೀನುಗಳು ಮಡುಗಳ ಆಳವನ್ನು ಸೇರಿರುವುವು. ಆರ್ದ್ರೆ, ಪುನರ್ವಸುಗಳಲ್ಲಿ ಕೊಡಗಿನಲ್ಲಿ ಮಳೆ ಹಿಡಿದೊಡನೆ, ಮಳವಳ್ಳಿಯ ಹೊಲದಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ಕೆಂಪಗಾಗಿ ಉಬ್ಬುವುದು. ಮಹಶೀರ್ ಜಾತಿಯ ಮೀನುಗಳು ಸಾಮಾನ್ಯವಾಗಿ ಈ ಹೊಸನೀರಿನ ಜಾಡನ್ನು ಹಿಡಿದು ಸಾಧ್ಯವಾದಷ್ಟು ದೂರ ಮೇಲಕ್ಕೇರಿ, ಜಲ್ಲಿಕಲ್ಲುಗಳ ಮೇಲೆ ತಿಳಿಯಾಗಿ ಹರಿಯುವ ನೀರಿನಲ್ಲಿ ಮೊಟ್ಟೆಯಿಡುವುವು. ಪುಷ್ಯ, ಆಶ್ಲೇಷೆ, ಮಖೆಗಳವರೆಗೆ ಪ್ರವಾಹದ ಕಾಲ. ಗಾಳಕ್ಕೆ ಅದು ಅಕಾಲ. ಉತ್ತರೆ, ಹಸ್ತೆಗಳಲ್ಲಿ ಗುಡುಗಿನ ಮಳೆ ಬಂದು ಶಿಂಷಾ ನದಿಯು ಮದ್ದೂರಿನ ಕಡೆಯ ಕೆಮ್ಮಣ್ಣನ್ನು ಹೊತ್ತು ತಂದು ಕಾವೇರಿಯನ್ನು ಎರಡನೆಯ ಸಲ ಕದಡುವುದು. ತುಲಾ ಸಂಕ್ರಮಣದ ತೀರ್ಥೋದ್ಭವ ಕಳೆದು, ಸ್ವಾತಿ ವಿಶಾಖೆಗಳ ಮಳೆ ನಿಂತು, ಮಾರ್ಗಶಿರದ ಚಳಿ ಬಿದ್ದ ಮೇಲೆ ನೀರು ತಿಳಿಯಾಗತೊಡಗುವುದು. ಅಲ್ಲಿಂದ ಮೊದಲಾಗಿ ಶಿವರಾತ್ರಿ, ಯುಗಾದಿಗಳವರೆಗೆ, ಎಂದರೆ ಡಿಸೆಂಬರಿನಿಂದ ಮಾರ್ಚಿಯವರೆಗೆ, ಗಾಳದ ಋತು. ನೀರು ತಿಳಿಯಾಗಿದ್ದರೆ ಮೀನು ಎರೆಯನ್ನು ಕಾಣುವುದು. ನೀರು ಇಳಿದಿದ್ದರೆ ಮಡುಗಳಲ್ಲಿ ಒಟ್ಟುಗೂಡಿರುವುದು. ಬಿಸಿಲು ಏರಿದಂತೆ ಹಸಿವೂ ಏರುವುದು. ಈ ಮೂರೂ ಕೂಡಿಬರುವ ಕಾಲ ಅದೇ.

ಗಾಳದ ಬೇಟೆಯನ್ನು ಪರದೇಶದವರು ನಮಗೆ ಕಲಿಸಿದರೆಂಬ ಭಾವನೆ ಬಹುಮಂದಿಯಲ್ಲುಂಟು. ಅದು ನಿಜವಲ್ಲ. ಗಾಳಕ್ಕೆ ಬಡಿಶವೆಂಬ ಹೆಸರನ್ನು ಅಮರಕೋಶವನ್ನು ಓದಿದ ಬಾಲಕನೂ ಬಲ್ಲನು. ಅದಕ್ಕಿಂತ ಮಿಗಿಲಾಗಿ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಒಂದು ಪ್ರಕರಣವೇ ಇದೆ. ಆ ಕಾಲಕ್ಕೆ ಮಂಡ್ಯದ ಸೀಮೆಯು ಚಾಲುಕ್ಯರ ಸಾಮಂತನಾದ ಹೊಯ್ಸಳ ವಿಷ್ಣುವರ್ಧನನ ಕೈಯಲ್ಲಿತ್ತು. ಸೋಮೇಶ್ವರನು ಮೀನು ಹಿಡಿಯುವ ಸಡಗರವನ್ನು ವರ್ಣಿಸಲು ಅವಸರಪಡುವುದಿಲ್ಲ. ಮೊದಲು ಮೀನುಗಳನ್ನು ಸಮುದ್ರದವು, ನದಿಯವು ಎಂದು ವಿಂಗಡಿಸುವನು. ಹುರುಪೆಯುಳ್ಳವು ಶಲ್ಕಜ, ಇಲ್ಲದವು ಚರ್ಮಜ ಎಂದು ಬೇರ್ಪಡಿಸುವನು. ಹೆಸರು ಹೇಳಿ, ಗಾತ್ರ ಹೇಳಿ, ಯಾವುದಕ್ಕೆ ಯಾವ ಆಹಾರವೆಂಬುದನ್ನು ಹೇಳುವನು. ಕೋಲು, ಹುರಿ, ಗಾಳಗಳ ಮಾತು ಆಮೇಲೆ ಬರುವುದು. ವಿನೋದಕ್ಕೂ ಮೊದಲು ಜಾತಿಪರಿಜ್ಞಾನವಿರಬೇಕೆಂಬುದು ಅವನ ಕ್ರಮ. ಈ ಕ್ರಮವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಗೆ ಅದೇ ಕೀಲಿಕೈ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆಂಗ್ಲ ಅಧಿಕಾರಿಗಳು ಮೈಸೂರು ಸೀಮೆಯಲ್ಲಿ ನೆಲಸಿದರು. ತಮ್ಮ ದೇಶದ ಹೊಳೆಗಳಲ್ಲಿ ಟ್ರೌಟ್ ಮೀನಿಗೆ ಕೃತಕ ನೊಣವನ್ನು ಬೀಸಿ ಹಿಡಿಯುವ ಅಭ್ಯಾಸವಿದ್ದ ಅವರಿಗೆ ಇಲ್ಲಿಯೂ ಆ ಹವ್ಯಾಸ ಬಿಡಲಿಲ್ಲ. ನೀಲಗಿರಿಯ ತಣ್ಣೀರಿನಲ್ಲಿ ಟ್ರೌಟ್ ಮೀನನ್ನೇ ತಂದು ಬಿಡುವ ಪ್ರಯತ್ನಗಳು 1860ರ ದಶಕದಲ್ಲಿಯೇ ಮೊದಲಾಗಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವಲಾಂಚೆಯಲ್ಲಿ ಮರಿ ಬೆಳೆಸುವ ಕೇಂದ್ರವಾಯಿತು. ಬೆಚ್ಚಗಿನ ಕಾವೇರಿಯಲ್ಲಿ ಟ್ರೌಟ್ ಬದುಕುವಂತಿರಲಿಲ್ಲ. ಅದರ ಅವಶ್ಯಕತೆಯೂ ಇರಲಿಲ್ಲ. ಇಲ್ಲಿ ಮಹಶೀರ್ ಇತ್ತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಎಂಬಾತನು 1873ರಲ್ಲಿ ಭಾರತದ ಗಾಳದ ಬೇಟೆಯ ಮೇಲೆ ಪ್ರಕಟಿಸಿದ ಗ್ರಂಥವು ಮಹಶೀರ್ ಮೀನಿನ ಕೀರ್ತಿಯನ್ನು ದೇಶಾಂತರಗಳಿಗೆ ಮುಟ್ಟಿಸಿತು. ಕಾವೇರಿಯ ಉಪನದಿಯಾದ ಕಬಿನಿಯಲ್ಲಿ 1919ರಲ್ಲಿ 119 ಪೌಂಡು ತೂಗುವ ಮೀನು ಸಿಕ್ಕಿತು. 1946ರ ಮಾರ್ಚಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಅವರ ಗಾಳಕ್ಕೆ ಬಿದ್ದದ್ದು 120 ಪೌಂಡಿನದು. ಎಂದರೆ ಸುಮಾರು 54 ಕಿಲೋಗ್ರಾಮು. ಬಹುಕಾಲ ಅದೇ ದಾಖಲೆಯಾಗಿ ಉಳಿಯಿತು. ಆ ತಿಂಗಳು ಮಾರ್ಚಿಯಾಗಿದ್ದುದು, ಮೇಲೆ ಹೇಳಿದ ಋತುವಿಗೆ ಸರಿಹೋಗುತ್ತದೆ.

ಈ ಕಾಲದಲ್ಲಿಯೇ ನದಿಗೆ ಎರಡು ವಿಧದ ಬಾಧೆ ತಟ್ಟಿತು. ಒಂದು, ಸಿಡಿಮದ್ದು. ರಸ್ತೆಗೂ ಗಣಿಗೂ ಬಂದ ಡೈನಮೈಟು ಮಡುವಿಗೂ ಇಳಿಯಿತು. ಒಂದು ಸಿಡಿತಕ್ಕೆ ಮಡುವಿನ ಹಿರಿಯ ಮೀನೂ ಕಿರಿಯ ಮೀನೂ ಒಟ್ಟಿಗೆ ಹೊಟ್ಟೆಮೇಲಾಗುವುವು. 1897ರ ಭಾರತೀಯ ಮೀನುಗಾರಿಕೆಯ ಕಾಯಿದೆಯು ಸಿಡಿಮದ್ದನ್ನೂ ವಿಷವನ್ನೂ ನಿಷೇಧಿಸಿತು. ಮೈಸೂರು ಸಂಸ್ಥಾನವೂ 1901ರಲ್ಲಿ ಬೇಟೆಯ ಮೃಗಗಳ ಮತ್ತು ಮೀನುಗಳ ರಕ್ಷಣೆಗೆ ರೆಗ್ಯುಲೇಷನ್ ಮಾಡಿತು. ಆದರೆ ಕಾಡಿನ ನಡುವಣ ನದಿಗೆ ಕಾಯಿದೆಯ ಕಾವಲು ಸಾಲದಾಯಿತು.

ಎರಡನೆಯ ಬಾಧೆ ಕೆಡುಕಿನಿಂದ ಬಂದುದಲ್ಲ, ಲೋಕೋಪಕಾರದಿಂದಲೇ ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು 92 ಮೈಲಿಗಳಾಚೆಯ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಯಂತ್ರಶಾಲೆಯ ನೀರು ಮರಳಿ ನದಿಯನ್ನೇ ಸೇರುವುದರಿಂದ ಕೆಳಗಣ ನದಿಗೆ ನೀರು ಕಡಮೆಯಾಗಲಿಲ್ಲ. ಆದರೆ ವಿದ್ಯುತ್ತಿನ ಬೇಡಿಕೆಗೆ ತಕ್ಕಂತೆ ನೀರನ್ನು ಬಿಟ್ಟು ಹಿಡಿಯುವಾಗ ಹೊಳೆಯ ಮಟ್ಟವು ಏರಿಳಿಯುವಂತಾಯಿತು. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆಯು 1930ರ ದಶಕದ ಆರಂಭಕ್ಕೆ ಪೂರ್ಣವಾಗಿ, ಆರ್ದ್ರೆಯ ಮೊದಲ ಪ್ರವಾಹವನ್ನು ತನ್ನ ಒಡಲಿಗೆ ತೆಗೆದುಕೊಂಡು, ಬೇಸಗೆಯಲ್ಲಿ ನಾಲೆಗೆ ಬಿಡತೊಡಗಿತು. ಮಂಡ್ಯ, ಮದ್ದೂರು, ಮಳವಳ್ಳಿಗಳ ಮಳೆಯಾಧಾರದ ಹೊಲಗಳು ಬತ್ತದ, ಕಬ್ಬಿನ ಗದ್ದೆಗಳಾದವು. ಆಕಾಶವನ್ನು ನೋಡುತ್ತಿದ್ದ ರೈತನು ನಾಲೆಯನ್ನು ನೋಡುವಂತಾದನು. ಕೆಳಗೆ 1934ರಲ್ಲಿ ಮೆಟ್ಟೂರಿನ ಅಣೆಯೂ ಎದ್ದಿತು. ಮೇಲೆ ಜಲಪಾತ, ಕೆಳಗೆ ಮೆಟ್ಟೂರಿನ ಜಲಾಶಯ; ಇವೆರಡರ ನಡುವಣ ನದಿಯಲ್ಲಿ ಮೀನು ಸೆರೆಯಾಯಿತು. ನಾಲೆಯಿಂದ ಮಂಡ್ಯದ ಮನೆಮನೆಗೆ ಬಂದ ಅನ್ನವನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ನಕ್ಷತ್ರದ ಪಂಚಾಂಗದಂತೆ ಏರಿಳಿಯುತ್ತಿದ್ದ ಹೊಳೆಯು ಅಂದಿನಿಂದ ಇಂಜಿನಿಯರರ ಪಂಚಾಂಗದಂತೆ ಏರಿಳಿಯತೊಡಗಿತೆಂಬುದೂ, ಹೊಸನೀರಿನ ಕರೆಯನ್ನು ಕಾಯುವ ಜೀವಿಗೆ ಆ ಕರೆ ತಡವಾಗಿಯೋ ಕ್ಷೀಣವಾಗಿಯೋ ಕೇಳತೊಡಗಿತೆಂಬುದೂ ನಿಜ.

ಸ್ವಾತಂತ್ರ್ಯಾನಂತರದ ಕೆಲವು ದಶಕಗಳಲ್ಲಿ ಕಾವೇರಿಯ ದೊಡ್ಡ ಮಹಶೀರ್ ಮುಗಿದೇ ಹೋಯಿತೆಂದು ಹೊರಗಿನವರು ನಂಬಿದ್ದರು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಬಂದ ಒಂದು ಸಣ್ಣ ತಂಡವು ಈ ಮಡುಗಳಲ್ಲಿ ಅದನ್ನು ಮತ್ತೆ ಕಂಡಿತು. 1972ರಲ್ಲಿ ಸ್ಥಾಪಿತವಾಗಿದ್ದ ದಕ್ಷಿಣ ಭಾರತದ ವನ್ಯಜೀವಿ ಸಂಘವು ನದಿಯ ಭಾಗವನ್ನು ಗುತ್ತಿಗೆಗೆ ಪಡೆದು ಕಾವಲಿಟ್ಟಿತು. ಮುಂದೆ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯು ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಬಿಡಾರಗಳನ್ನು ನಡೆಸಿತು. ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಜೀವಂತವಾಗಿ ನೀರಿಗೆ ಬಿಡಬೇಕೆಂಬುದು ಅಲ್ಲಿಯ ಕಟ್ಟಳೆ. ಹಿಂದೆ ಸಿಡಿಮದ್ದು ಎಸೆದ ಕೈಗಳಲ್ಲಿ ಕೆಲವು ಈಗ ತೆಪ್ಪದ ಹುಟ್ಟನ್ನು ಹಿಡಿದು, ಗಾಳದವರಿಗೆ ದಾರಿ ತೋರಿಸಿ, ಮೀನಿನ ಕಾವಲುಗಾರರಾದವು. ಎರೆಯಾದರೂ ಯಾವುದು? ದೂರದೇಶದ ಕೃತಕ ನೊಣಕ್ಕಿಂತ ಹೆಚ್ಚಾಗಿ ಇಲ್ಲಿ ಫಲಿಸಿದ್ದು ಬೇಯಿಸಿ ಗಟ್ಟಿಯಾಗಿ ಕಟ್ಟಿದ ರಾಗಿಯ ಉಂಡೆ! ಮಂಡ್ಯದ ಮನುಷ್ಯನಿಗೂ ಮಂಡ್ಯದ ಮೀನಿಗೂ ರುಚಿ ಒಂದೇ ಎಂದು ಆ ಬಿಡಾರಗಳ ಅತಿಥಿಗಳು ನಕ್ಕಿರಬೇಕು.

ಇಷ್ಟೆಲ್ಲ ಪ್ರೀತಿಯ ನಡುವೆಯೇ ಮುಖ್ಯವಾದ ಪ್ರಮಾದ ನಡೆಯಿತು. ಮೀನು ಕಡಮೆಯಾಗಿದೆ, ಮರಿ ತಂದು ಬಿಟ್ಟರೆ ಹೆಚ್ಚುವುದು ಎಂಬ ಸದುದ್ದೇಶದಿಂದ, ಮಹಾರಾಷ್ಟ್ರದ ಲೋಣಾವಳೆಯಲ್ಲಿ ಟಾಟಾ ವಿದ್ಯುತ್ ಸಂಸ್ಥೆಯವರು ಬೆಳೆಸಿದ ಮಹಶೀರ್ ಮರಿಗಳನ್ನು 1970ರ ದಶಕದಿಂದ ಕಾವೇರಿಗೂ ಬಿಡಲಾಯಿತು. ಅವೂ ಮಹಶೀರ್‌ಗಳೇ, ಆದರೆ ಈ ಮಹಶೀರ್ ಅಲ್ಲ. 1839ರಲ್ಲಿ ಸೈಕ್ಸ್ ಎಂಬಾತನು ಪುಣೆಯ ಬಳಿಯ ನೀರಿನಿಂದ ವರ್ಣಿಸಿದ, ಕೃಷ್ಣಾನದಿಯ ಜಲಾನಯನಕ್ಕೆ ಸೇರಿದ, ನೀಲಿ ರೆಕ್ಕೆಯ ಜಾತಿ ಅದು. ಹೊಸದಾಗಿ ಬಂದ ನೀಲಿ ರೆಕ್ಕೆಯ ಮೀನು ಬೇಗ ಹೆಚ್ಚಿತು. ಗಾಳಕ್ಕೆ ಬೀಳುವ ಮೀನುಗಳ ಎಣಿಕೆ ವರ್ಷದಿಂದ ವರ್ಷಕ್ಕೆ ಏರಿದ್ದನ್ನು ಕಂಡು ಎಲ್ಲರೂ ಹರ್ಷಿಸಿದರು. 1998ರಿಂದ 2012ರವರೆಗೆ ಗಾಳಿಬೋರೆಯ ಬಿಡಾರದಲ್ಲಿ ಬರೆದಿಟ್ಟ ಲೆಕ್ಕವನ್ನು ವಿದ್ವಾಂಸರು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದಾಗ ಆ ಹರ್ಷದ ಒಳಗುಟ್ಟು ಹೊರಬಿದ್ದಿತು. ಏರಿದ ಎಣಿಕೆಯೆಲ್ಲ ನೀಲಿ ರೆಕ್ಕೆಯದು. ಗೂನುಬೆನ್ನಿನದು ವರ್ಷ ವರ್ಷಕ್ಕೂ ಕುಸಿದಿತ್ತು. ಸಿಕ್ಕ ಕೆಲವೇ ಮೀನುಗಳು ದೊಡ್ಡವಾಗುತ್ತ ಬಂದಿದ್ದುವು. ದೊಡ್ಡವು ಮಾತ್ರ ಸಿಕ್ಕುತ್ತಿವೆಯೆಂದರೆ ಮರಿಗಳು ಹುಟ್ಟಿ ಬೆಳೆಯುತ್ತಿಲ್ಲವೆಂದೇ ಅರ್ಥ. ಮಕ್ಕಳಿಲ್ಲದ ಊರಿನಲ್ಲಿ ಮುದುಕರ ಆರೋಗ್ಯವನ್ನು ಹೊಗಳಿದಂತೆ ಆಯಿತು.

ಇನ್ನೂ ಶೋಚನೀಯವಾದುದೆಂದರೆ, ಇಷ್ಟು ಪ್ರಸಿದ್ಧವಾದ ಈ ಮೀನಿಗೆ ಅಷ್ಟರವರೆಗೆ ಶಾಸ್ತ್ರೀಯವಾಗಿ ನಿಶ್ಚಿತವಾದ ಹೆಸರೇ ಇರಲಿಲ್ಲ. ಬೇರೆ ಬೇರೆ ಜಾತಿಗಳ ಹೆಸರುಗಳನ್ನು ಅದಕ್ಕೆ ಅಂಟಿಸುತ್ತ ಬಂದಿದ್ದರು. ಕಾವೇರಿಯ ಜಲಾನಯನದ್ದೇ ಆದ, ಕೇರಳದ ಪಾಂಬಾರ್ ಹೊಳೆಯಿಂದ ಕೇರಳದ ವಿದ್ವಾಂಸರು ವರ್ಣಿಸಿದ್ದ ಟಾರ್ ರೆಮಾದೇವಿ ಎಂಬ ಜಾತಿಯೂ, ಕಾವೇರಿಯ ಗೂನುಬೆನ್ನಿನ ಮಹಶೀರೂ ಒಂದೇ ಎಂಬುದು 2018ರಲ್ಲಿ ಸಿದ್ಧವಾಯಿತು. ಹೆಸರು ದೊರೆತ ಕಾಲದಲ್ಲಿಯೇ ಅದು ಜಾಗತಿಕ ಕೆಂಪುಪಟ್ಟಿಯಲ್ಲಿ ಅಳಿವಿನ ಅತ್ಯಂತ ಸಮೀಪದಲ್ಲಿರುವ ಜೀವಿಗಳ ವರ್ಗವನ್ನು ಸೇರಿತು. ನಾಮಕರಣವೂ ಮೃತ್ಯುಸೂಚನೆಯೂ ಒಂದೇ ಮುಹೂರ್ತದಲ್ಲಿ ಬಂದಂತಾಯಿತು. ನೀಲಗಿರಿಯ ತಪ್ಪಲಿನ ಮೋಯಾರ್ ನದಿಯಲ್ಲಿ ಅದರ ಸಂತತಿ ಇನ್ನೂ ಉಳಿದಿರುವುದು ಒಂದು ಸಮಾಧಾನ.

ಈ ನಡುವೆ ಬಿಡಾರಗಳ ಗಾಳವೂ ನಿಂತಿತು. 1987ರಲ್ಲಿ ಈ ಕಾಡು ಕಾವೇರಿ ವನ್ಯಧಾಮವೆನಿಸಿತ್ತು; ವನ್ಯಧಾಮದೊಳಗೆ ಗಾಳ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧವೆಂಬ ನಿರ್ಣಯದಂತೆ 2010ರ ದಶಕದ ಆರಂಭದಲ್ಲಿ ಅದನ್ನು ನಿಲ್ಲಿಸಲಾಯಿತು. ಈ ವಿಷಯದಲ್ಲಿ ಎರಡು ಪಕ್ಷಗಳುಂಟು. ಪ್ರಾಣಿಯ ಬಾಯಿಗೆ ಕಬ್ಬಿಣದ ಕೊಕ್ಕೆಯನ್ನು ಸಿಕ್ಕಿಸಿ ಬಿಡುವುದು ರಕ್ಷಣೆಯಾಗಲಾರದೆಂದು ಒಂದು ಪಕ್ಷ. ಗಾಳದವರು ಹೋದರೆ ತೆಪ್ಪದವರೂ ಹೋಗುವರು, ಕಾವಲು ಹೋಗುವುದು, ಸಿಡಿಮದ್ದಿಗೆ ದಾರಿಯಾಗುವುದೆಂದು ಇನ್ನೊಂದು ಪಕ್ಷ. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಒಂದು ಮಾತನ್ನು ಮರೆಯುವಂತಿಲ್ಲ. ಗೂನುಬೆನ್ನಿನ ಮೀನು ಕ್ಷೀಣಿಸುತ್ತಿದೆಯೆಂದು ಜಗತ್ತಿಗೆ ತಿಳಿದದ್ದು ಆ ಬಿಡಾರದ ಲೆಕ್ಕದ ಪುಸ್ತಕದಿಂದಲೇ. ಗಾಳವನ್ನು ನಿಲ್ಲಿಸಿದರೆ ತಪ್ಪಿಲ್ಲ. ಗಾಳದೊಡನೆ ಲೆಕ್ಕವನ್ನೂ ನಿಲ್ಲಿಸಿದರೆ ನದಿಯ ಸ್ಥಿತಿಯನ್ನು ಹೇಳುವವರಿಲ್ಲದಂತಾಗುವುದು.

ಈ ಚರಿತ್ರೆಯಿಂದ ಗ್ರಹಿಸಬೇಕಾದುದು ಕಷ್ಟವಾದ ವಿಷಯವಲ್ಲ. ಕಾವೇರಿಯ ಮೀನಿಗೆ ದ್ವೇಷದಿಂದ ಆದ ಹಾನಿಯೂ ಉಂಟು. ಪ್ರೀತಿಯಿಂದ ಆದ ಹಾನಿಯೂ ಉಂಟು. ಎರಡನೆಯದು ಮೊದಲನೆಯದಕ್ಕಿಂತ ಕಡಮೆಯಲ್ಲ. ಸಿಡಿಮದ್ದಿನವನು ಮೀನನ್ನು ಕೊಂದನು. ಮರಿ ಬಿಟ್ಟವನು ಅದರ ಮನೆಯನ್ನೇ ಬೇರೊಬ್ಬನಿಗೆ ಕೊಟ್ಟನು. ಜಾತಿಯನ್ನು ವಿಂಗಡಿಸಿ, ಹೆಸರು ಹೇಳಿ, ಆಮೇಲೆ ನೀರಿಗಿಳಿಯಬೇಕೆಂದು ಒಂಬತ್ತು ಶತಮಾನಗಳ ಹಿಂದೆ ಕನ್ನಡನಾಡಿನ ಅರಸನೊಬ್ಬನು ತೋರಿಸಿದ ಕ್ರಮವನ್ನು ಪಾಲಿಸಿದ್ದರೆ ಈ ಎರಡನೆಯ ಹಾನಿ ತಪ್ಪುತ್ತಿತ್ತು. ಜಾತಿಜ್ಞಾನದಂತೆಯೇ ಕಾಲಜ್ಞಾನವೂ ಬೇಕು. ಮೇಕೆದಾಟಿನಲ್ಲಿ ಹೊಸ ಜಲಾಶಯದ ಯೋಜನೆಯ ವಿಷಯವಾಗಿ ಬಹುಕಾಲದಿಂದ ವಾದವು ನಡೆದಿದೆ. ಅದರ ಗುಣದೋಷಗಳನ್ನು ತೂಗುವವರು ನೀರಿನ ಪ್ರಮಾಣವನ್ನು ಮಾತ್ರವಲ್ಲದೆ ನೀರಿನ ಋತುವನ್ನೂ, ಹರಿವ ನೀರು ನಿಂತ ನೀರಾದರೆ ಅದರಲ್ಲಿ ಬಾಳುವವರ ಗತಿಯನ್ನೂ ತೂಗಬೇಕಾದುದು ನ್ಯಾಯ.

ಕನ್ನಂಬಾಡಿಯಿಂದ ಬಿಡುವ ನೀರಿಗೆ ಬೆಳೆಯ ಪಾಲೂ, ಕುಡಿಯುವ ಪಾಲೂ, ನೆರೆನಾಡಿನ ಪಾಲೂ ಲೆಕ್ಕದಲ್ಲಿವೆ. ಮಳೆಗಾಲದ ಆರಂಭದಲ್ಲಿ ಒಂದಿಷ್ಟು ಹೊಸನೀರು ಹೊಳೆಯ ಪಾಲೆಂದು ಬಂಡೆಗಳ ಮೇಲೆ ಹರಿಯುವಂತಾಗಲಿ. ಹೊರಗಿನ ಮರಿಗಳನ್ನು ಬಿಡುವುದು ನಿಲ್ಲಲಿ. ಮಡುಗಳಲ್ಲಿ ಏನಿದೆ, ಏನಿಲ್ಲವೆಂದು ವರ್ಷಕ್ಕೊಮ್ಮೆ ಎಣಿಸುವವರಿರಲಿ. ಮುತ್ತತ್ತಿಯ ಮಡುವಿನಲ್ಲಿ ಬಿದ್ದ ಮುತ್ತನ್ನು ಎತ್ತಿಕೊಡಲು ಅಂದು ಆಂಜನೇಯನಿದ್ದನು. ಈ ಮುತ್ತು ಕಳೆದರೆ ಎತ್ತಿಕೊಡುವವರು ಯಾರೂ ಇಲ್ಲ. ಕಳೆಯದಂತೆ ಕಾಯುವುದೊಂದೇ ಈ ಸೀಮೆಯವರಿಗೆ ಉಳಿದಿರುವ ಕಾರ್ಯ.